ದೂರಕ್ಕೋ, ಹತ್ತಿರಕ್ಕೋ?

ನಲವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುವುದು ಲೋಕರೂಢಿ. ನನ್ನ ಮಿತ್ರರಲ್ಲಿ ಒಬ್ಬರು ಯೋಗಾಸನ ಹಿಡಿದರು. ಒಬ್ಬರು ನಿವೇಶನ ಕೊಳ್ಳುವುದನ್ನು ಹಿಡಿದರು. ಇನ್ನೊಬ್ಬರು, ಪಾಪ, ಕವಿತೆ ಬರೆಯುವುದನ್ನು. ನನ್ನನ್ನು ಹಿಡಿದದ್ದು ಕ್ಯಾಮೆರಾ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೂ ಕ್ಯಾಮೆರಾಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನನ್ನ ಮನೆಯಾಕೆಯೂ ಕೇಳಿದಳು. “ಏನೂಂದ್ರೆ, ಫೋನಿನಲ್ಲೇ ಇದೆಯಲ್ಲ, ಇನ್ನೊಂದು ಯಾಕೆ?” ಎಂದಳು. ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಕಾರಣವಿತ್ತು; ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚವಾಗಿತ್ತು.

ನನ್ನ ತಂದೆ ತೀರಿಕೊಂಡಾಗ ನನಗೆ ಎಂಟು ವರ್ಷ. ಅವರು ಹಳ್ಳಿಯ ಶಾಲೆಯ ಮೇಷ್ಟ್ರು. ಅವರದೆಂದು ನಮ್ಮ ಮನೆಯಲ್ಲಿ ಉಳಿದ ಫೋಟೋ ಒಂದೇ. ಅದೂ ಅವರೊಬ್ಬರದಲ್ಲ, ಶಾಲಾ ವಾರ್ಷಿಕೋತ್ಸವದ ದಿನ ನಲವತ್ತೆರಡು ಜನರನ್ನು ಸಾಲಾಗಿ ನಿಲ್ಲಿಸಿ ತೆಗೆದದ್ದು. ಹಿಂದಿನ ಸಾಲಿನಲ್ಲಿ, ಬಲಗಡೆಯಿಂದ ಮೂರನೆಯವರು ನಮ್ಮ ತಂದೆ. ಅವರ ಮುಖದ ಗಾತ್ರ ಒಂದು ಕಾಳುಮೆಣಸಿನಷ್ಟು. ನನಗೆ ಕೆಲಸ ಸಿಕ್ಕ ಹೊಸತರಲ್ಲಿ ಅದನ್ನು ದೊಡ್ಡದು ಮಾಡಿಸಲು ಒಬ್ಬ ಸ್ಟುಡಿಯೋದವನ ಬಳಿಗೆ ಒಯ್ದಿದ್ದೆ. ಅವನು ಭೂತಗನ್ನಡಿ ಹಿಡಿದು ನೋಡಿ, “ಇದರಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ ಸಾರ್?” ಎಂದು ಹಿಂದಕ್ಕೆ ಕೊಟ್ಟುಬಿಟ್ಟ. ಎಂಥ ಪ್ರಾಮಾಣಿಕ ಮನುಷ್ಯ ಎಂಬುದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ಈಗ ಮೂರು ವರ್ಷದ ಕೆಳಗೆ ಇನ್ನೊಂದು ಸ್ಟುಡಿಯೋದಲ್ಲಿ, “ಕೃತಕ ಬುದ್ಧಿಮತ್ತೆ ಬಂದಿದೆ ಸಾರ್, ಎಂಥ ಮಸುಕಾದ ಮುಖವನ್ನೂ ಸ್ಪಷ್ಟ ಮಾಡಿಕೊಡುತ್ತದೆ,” ಎಂದರು. ಮಾಡಿಯೂ ಕೊಟ್ಟರು. ಹುಬ್ಬಿನ ಒಂದೊಂದು ಕೂದಲೂ ಎಣಿಸುವಂತಿತ್ತು. ತಂದೆ ಇಷ್ಟು ಚೆನ್ನಾಗಿದ್ದರೇ ಎಂದು ನನಗೆ ಹೆಮ್ಮೆಯಾಯಿತು. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಅಮ್ಮ ಕಟ್ಟನ್ನು ಕೈಯಿಂದ ಸವರಿ, “ಬಂದರಲ್ಲ, ಸಾಕು,” ಎಂದಳು. ಅಂದಿನಿಂದ ಆ ಪಟಕ್ಕೆ ದಿನವೂ ಒಂದು ಮೊಳ ಹೂವು.

ಆಗಲೇ ನನಗೆ ಅನ್ನಿಸಿದ್ದು: ಅಮ್ಮನದಾದರೂ ಒಂದು ಸರಿಯಾದ ಪಟ ಇರಲಿ. ಫೋನಿನಲ್ಲಿ ತೆಗೆದೆ. ಅಮ್ಮ ನೋಡಿ, “ಇದೇನೋ, ಮೂಗು ಬದನೆಕಾಯಿ ಹಾಗೆ?” ಎಂದಳು. ಅದು ಅಮ್ಮನ ಮೂಗಿನ ತಪ್ಪಲ್ಲವೆಂದು ನನಗೆ ತಿಳಿಸಿಕೊಟ್ಟವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಅಗಲ ನೋಟದ್ದು. ಅದರಲ್ಲಿ ಮುಖ ದೊಡ್ಡದಾಗಿ ಕಾಣಬೇಕಾದರೆ ಮುಖದ ಹತ್ತಿರಕ್ಕೇ ಒಯ್ಯಬೇಕು. ಆಗ ಕಿವಿಗಿಂತ ಮೂಗು ಬಹಳ ಹತ್ತಿರವಾಗಿಬಿಡುತ್ತದೆ. ಹತ್ತಿರದ್ದು ಊದುತ್ತದೆ, ದೂರದ್ದು ಕುಗ್ಗುತ್ತದೆ. “ಮುಖದ ಆಕಾರ ಕೆಡಿಸುವುದು ಲೆನ್ಸಲ್ಲ, ನೀವು ನಿಂತ ದೂರ,” ಎಂದರು ಅವರು. ಛಾಯಾಗ್ರಹಣದ ಮೊದಲ ಪಾಠ ಇದು. ಉಳಿದ ಪಾಠಗಳನ್ನೆಲ್ಲ ಸುತ್ತಿ ಬಳಸಿ ನಾನು ಮತ್ತೆ ಇದರ ಬಳಿಗೇ ಬಂದೆ.

ಹೀಗೆ ನಾನು ಕೈಬದಲಾದ ಒಂದು ಕ್ಯಾಮೆರಾ ಕೊಳ್ಳಲು ಹೋದೆ. ಅಂಗಡಿಯವನು, “ಲೆನ್ಸ್ ಯಾವುದು ಕೊಡಲಿ ಸಾರ್? ದೂರಕ್ಕೋ, ಹತ್ತಿರಕ್ಕೋ?” ಎಂದು ಕೇಳಿದ. “ಎರಡಕ್ಕೂ ಆಗುವಂಥದ್ದು,” ಎಂದೆ. ಮೇಷ್ಟ್ರುಗಳಿಗೆಂದೇ ಅಂಗಡಿಯವರು ಮೀಸಲಿಟ್ಟಿರುವ ಒಂದು ನಗೆಯಿದೆ, ಅದನ್ನು ನಕ್ಕ. ಕೊನೆಗೆ ಮೂರು ಲೆನ್ಸುಗಳನ್ನು ಹೊತ್ತು ಮನೆಗೆ ಬಂದೆ. ಅವುಗಳ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ. ಇಲ್ಲಿಯೂ ಹೇಳುವುದಿಲ್ಲ, ಆಕೆ ಪತ್ರಿಕೆ ಓದುತ್ತಾಳೆ.

ಲೆನ್ಸಿನ ಮೇಲೆ 24, 50, 400 ಎಂದು ಬರೆದಿರುವ ಅಂಕಿ ಮಿಲಿಮೀಟರುಗಳಲ್ಲಿ ಅದರ ಸಂಗಮದೂರ. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಹಳೆಯ ಫಿಲ್ಮಿನ ಅಳತೆಯ ಕ್ಯಾಮೆರಾದಲ್ಲಿ ಕರ್ಣದ ಉದ್ದಕ್ಕೆ ಲೆಕ್ಕ ಹಾಕಿದರೆ, 24ರ ಲೆನ್ಸು ಸುಮಾರು 84 ಡಿಗ್ರಿಯಷ್ಟು ಲೋಕವನ್ನು ಬಾಚಿಕೊಳ್ಳುತ್ತದೆ. 50ರದು 46 ಡಿಗ್ರಿ. 400ರದು ಬರಿಯ 6. ಅಂಕಿ ಬೆಳೆದಷ್ಟೂ ನೋಟ ಕಿರಿದು. ಇನ್ನು ಬೆಳಕು ಒಳಗೆ ಬರುವ ಕಂಡಿಗೆ ಎಫ್ ಎಂಬ ಸಂಖ್ಯೆ. 1.4, 2, 2.8, 4, 5.6, 8 ಎಂದು ಏರುತ್ತ ಹೋದಂತೆ ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. ಸಂಖ್ಯೆ ದೊಡ್ಡದಾದರೆ ಕಂಡಿ ಹೇಗೆ ಚಿಕ್ಕದಾಗುತ್ತದೆ ಎಂದು ನಾನು ತಕರಾರು ಮಾಡಿದೆ. “ಸರ್ಕಾರಿ ನೌಕರಿಯ ದರ್ಜೆಗಳ ಹಾಗೆ ತಿಳಿಯಿರಿ. ಮೊದಲನೆಯ ದರ್ಜೆಯವನು ದೊಡ್ಡವನು, ನಾಲ್ಕನೆಯ ದರ್ಜೆಯವನು ಚಿಕ್ಕವನು,” ಎಂದರು ಭೌತಶಾಸ್ತ್ರದವರು. ಆಮೇಲೆ ನಾನು ಮರೆತದ್ದಿಲ್ಲ.

ದೂರದ ಲೆನ್ಸಿನ ಪರೀಕ್ಷೆಗೆ ರಂಗನತಿಟ್ಟಿಗೆ ಹೋದೆ. ಕಾವೇರಿಯ ನಡುಗಡ್ಡೆಗಳ ಆ ತಾಣವನ್ನು 1940ರಲ್ಲಿ, ಸಲೀಂ ಅಲಿಯವರ ಸಲಹೆಯಂತೆ, ಪಕ್ಷಿಧಾಮವೆಂದು ಸಾರಿದ್ದು ನಿಮಗೆ ಗೊತ್ತಿರುವುದೇ. ದೋಣಿಯಲ್ಲಿ ಕುಳಿತು ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಇನ್ನೂರು ಸಲ ಹಿಡಿದೆ. ಮನೆಗೆ ಬಂದು ನೋಡಿದರೆ ಹಕ್ಕಿಗಳೆಲ್ಲ ಹತ್ತಿಯ ಉಂಡೆಗಳು. ಕೈಯಲ್ಲಿ ಹಿಡಿದು ತೆಗೆಯುವಾಗ ಸಂಗಮದೂರ 400 ಆದರೆ ಬೆಳಕಿಗೆ ತೆರೆಯುವ ಕಾಲ ಸೆಕೆಂಡಿನ 400ನೆಯ ಒಂದು ಭಾಗಕ್ಕಿಂತ ಹೆಚ್ಚಿರಬಾರದೆಂದು ಬಲ್ಲವರು ಹೇಳುತ್ತಾರೆ. ದೂರದ ಲೆನ್ಸು ಹಕ್ಕಿಯನ್ನು ಹಿಗ್ಗಿಸುವಂತೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ. ತೂಗುವ ದೋಣಿಯಲ್ಲಿ, ರೆಕ್ಕೆ ಬಡಿಯುವ ಹಕ್ಕಿಗೆ, ಸಾವಿರದ ಒಂದು ಭಾಗವಾದರೂ ಬೇಕು. ನಾನು ಇಟ್ಟದ್ದು ನೂರರ ಒಂದು ಭಾಗ.

ಅಗಲದ ಲೆನ್ಸನ್ನು ಸೋಮನಾಥಪುರಕ್ಕೆ ಒಯ್ದೆ. ಗುಡಿ ಪೂರ್ತಿ ಬರಲಿ ಎಂದು ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತಿದೆ. ಮೂರು ಶಿಖರಗಳೂ ಹಿಂದಕ್ಕೆ ಒರಗಿ, ಹೊಯ್ಸಳರ ಕಾಲದಿಂದ ನಿಂತದ್ದು ನನ್ನ ಪಟದಲ್ಲಿ ಬೀಳುವಂತಾಯಿತು. ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ದೂರ ಹೋಗಿ ನಿಂತರೆ ಕಂಬ ನೆಟ್ಟಗಿರುತ್ತದೆ. ಅಲ್ಲಿ ಇನ್ನೊಂದು ಸಂಗತಿಯನ್ನೂ ಕಲಿತೆ. ವಿಗ್ರಹಕ್ಕೆ ಎದುರಿನಿಂದ ಬೆಳಕು ಬಿದ್ದಾಗ ಅದರ ಆಭರಣವೆಲ್ಲ ಚಪ್ಪಟೆ. ಎಳೆಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುವ ಹೊತ್ತಿನಲ್ಲಿ ಒಂದೊಂದು ಮಣಿಯೂ ತನ್ನ ನೆರಳಿನೊಡನೆ ಎದ್ದು ಬರುತ್ತದೆ. ಕಲ್ಲನ್ನು ಕಲ್ಲಾಗಿ ಕಾಣಿಸುವುದು ನೆರಳು.

ಇಷ್ಟೆಲ್ಲ ಆಗುವಷ್ಟರಲ್ಲಿ ಅಮ್ಮನ ಪಟ ಮಾತ್ರ ಆಗಿರಲಿಲ್ಲ. ಎದುರಿಗೆ ಕ್ಯಾಮೆರಾ ಹಿಡಿದರೆ ಸೆರಗು ಹೊದ್ದು ಒಳಗೆ ನಡೆಯುವಳು. ದೂರದ ಲೆನ್ಸು ಹಾಕಿ ಅಂಗಳದಾಚೆಯಿಂದ ಕದ್ದು ತೆಗೆದೆ. ಬಂದವು, ಸ್ಪಷ್ಟವಾಗಿಯೇ ಬಂದವು. ಆದರೆ ಯಾವುದೋ ಊರಿನ ಮುದುಕಿಯೊಬ್ಬಳು ತನ್ನಷ್ಟಕ್ಕೆ ಇದ್ದ ಹಾಗಿತ್ತು. ಅವಳಿಗೂ ನನಗೂ ಮಾತುಕತೆಯೇ ಇಲ್ಲ. ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923-2009) ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡಿ. ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿದ್ದರು. ಆ ಚಿತ್ರಗಳ ಮುಂದೆ ನಿಂತಾಗ, ತೆಗೆದವರು ಆ ಜನರ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಿದ್ದರೋ ಎನಿಸುತ್ತದೆ. ಫ್ರಾನ್ಸಿನ ಕಾರ್ತಿಯೇ ಬ್ರೆಸೋನ್ (1908-2004) ತಮ್ಮ ಬದುಕಿನ ಬಹುಪಾಲು ಕೆಲಸವನ್ನು 50ರ ಒಂದೇ ಲೆನ್ಸಿನಲ್ಲಿ ಮುಗಿಸಿದರು. ಉಳಿದದ್ದನ್ನು ಅವರ ಕಾಲುಗಳೇ ಮಾಡಿರಬೇಕು.

ಕಳೆದ ವರ್ಷ ಅಮ್ಮನ ಕಣ್ಣಿಗೆ ಪೊರೆ ಬಲಿತು ಶಸ್ತ್ರಚಿಕಿತ್ಸೆಗೆ ಕರೆದೊಯ್ದೆ. ಆಗ ಡಾಕ್ಟರು ಕೇಳಿದರು: “ಲೆನ್ಸ್ ಹೇಗೆ ಹೊಂದಿಸೋಣ ಅಮ್ಮ? ದೂರಕ್ಕೋ, ಹತ್ತಿರಕ್ಕೋ?” ನಾನು ಬೆಚ್ಚಿದೆ, ಅಂಗಡಿಯವನ ಮಾತೇ! ಮಬ್ಬಾದ ಮಸೂರವನ್ನು ಎರಡು ಮೂರು ಮಿಲಿಮೀಟರಿನ ಸೀಳಿನಿಂದ ತೆಗೆದು, ಮಡಿಸಿದ ಹೊಸದನ್ನು ಒಳಗಿಟ್ಟು ಬಿಡಿಸುತ್ತಾರಂತೆ. ಸಾಮಾನ್ಯ ಲೆನ್ಸಿಗೆ ಒಂದೇ ದೂರ. ಬಹಳ ಜನ ದೂರದ ನೋಟ ಆರಿಸಿಕೊಂಡು ಓದಲು ಕನ್ನಡಕ ಹಾಕುತ್ತಾರೆ. ಎರಡಕ್ಕೂ ಆಗುವ ದುಬಾರಿಯದೂ ಉಂಟು. ಅದು ಬರುವ ಬೆಳಕನ್ನೇ ಪಾಲು ಮಾಡುವುದರಿಂದ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಗಳು ಕಾಣುತ್ತವೆ. ನಾನು ಲೆಕ್ಕ ಹಾಕುತ್ತಿರುವಾಗಲೇ ಅಮ್ಮ ಹೇಳಿಬಿಟ್ಟಳು: “ದೂರದಲ್ಲಿ ನನಗೇನಿದೆ ಡಾಕ್ಟ್ರೇ? ಹೂ ಕಟ್ಟಬೇಕು, ಅಕ್ಕಿ ಆರಿಸಬೇಕು, ಮೊಮ್ಮಗಳ ತಲೆಯ ಹೇನು ನೋಡಬೇಕು. ಹತ್ತಿರಕ್ಕೇ ಹಾಕಿ.”

ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಮನೆಯನ್ನೆಲ್ಲ ಹೊಸದಾಗಿ ನೋಡಿದಳು. ಇಷ್ಟು ವರ್ಷ ಹಸಿರೆಂದು ಉಟ್ಟ ಸೀರೆ ನೀಲಿಯಾಗಿತ್ತು. ಪೊರೆ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆಯಂತೆ. ನಾವು ಕ್ಯಾಮೆರಾದಲ್ಲಿ ಬಿಳಿಯನ್ನು ಬಿಳಿಯಾಗಿ ಹೊಂದಿಸಿಕೊಳ್ಳುತ್ತೇವಲ್ಲ, ಅಂಥದೇ ವ್ಯವಹಾರ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ತಂದೆಯ ಪಟವನ್ನು ಒರೆಸಲು ಕೆಳಗಿಳಿಸಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಬಟ್ಟೆ ಹಿಡಿದ ಕೈ ಆಡಲಿಲ್ಲ.

“ಇವರು ಯಾರೋ?” ಎಂದಳು.

“ಅಪ್ಪ ಅಲ್ಲವೇನಮ್ಮ?”

“ಅಲ್ಲ ಕಣೋ. ನಿಮ್ಮಪ್ಪನ ಹಾಗೆ ಯಾರೋ.”

ಹದಿನೆಂಟು ತಿಂಗಳು ಹೂವು ಪಡೆದವನು ಯಾರೂ ಅಲ್ಲ. ಕಾಳುಮೆಣಸಿನಷ್ಟು ಮಸುಕಿನಲ್ಲಿ ಇಲ್ಲದ ಹುಬ್ಬನ್ನೂ ಕಣ್ಣನ್ನೂ ಯಂತ್ರ ಬೇರೆ ಸಾವಿರಾರು ಮುಖಗಳಿಂದ ಕಲಿತದ್ದನ್ನು ನೆಚ್ಚಿ ಊಹಿಸಿ ತುಂಬಿತ್ತು. ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ, ನಂಬಿದಳು. ನನಗೆ ಕಣ್ಣು ಕಾಣುತ್ತಿತ್ತಲ್ಲ! ನನಗೇಕೆ ತಿಳಿಯಲಿಲ್ಲ? ಉತ್ತರ ಸುಲಭ, ಹೇಳುವುದು ಕಷ್ಟ. ತಂದೆಯ ಮುಖ ನನಗೆ ಮರೆತುಹೋಗಿತ್ತು. ಆ ಪಟವನ್ನು ನೋಡಿ ನೋಡಿ, ಆ ಮುಖವನ್ನೇ ತಂದೆಯೆಂದು ನಾನು ನೆನಪಿಸಿಕೊಳ್ಳತೊಡಗಿದ್ದೆ.

ಅಮ್ಮ ಹಳೆಯ ಗುಂಪಿನ ಫೋಟೋ ತರಿಸಿಕೊಂಡಳು. ಕಿಟಕಿಯ ಬಳಿ ಕುಳಿತು, ಒಂದು ಗೇಣು ದೂರಕ್ಕೆ ಹಿಡಿದಳು. “ಇಗೋ, ಇಲ್ಲಿ. ಕತ್ತು ನೋಡು, ಎಡಕ್ಕೆ ಓರೆ. ಯಾರಾದರೂ ಮಾತಾಡಿದರೆ ಹೀಗೇ ಕೇಳೋರು. ಹುಬ್ಬಿನ ಮೇಲೆ ಒಂದು ಗಾಯದ ಕಲೆ ಇತ್ತು, ಇದರಲ್ಲಿ ಕಾಣದು. ನಗುವಾಗ ಒಂದು ಕಣ್ಣು ಚಿಕ್ಕದಾಗೋದು, ನಿನಗೂ ಆಗುತ್ತೆ.” ಅಮ್ಮ ನನ್ನೊಡನೆ ತಂದೆಯ ಮುಖದ ವಿಚಾರ ಮಾತಾಡಿದ್ದು ಅದೇ ಮೊದಲು.

ನಾನು ಮೆಲ್ಲಗೆ ಕ್ಯಾಮೆರಾ ತಂದು 50ರ ಲೆನ್ಸು ಹಾಕಿ ಎದುರಿಗೆ ಕುಳಿತೆ. ನಮ್ಮಿಬ್ಬರ ನಡುವೆ ಒಂದು ಮೀಟರು. ಈ ಸಲ ಅಮ್ಮ ಸೆರಗು ಹೊದೆಯಲಿಲ್ಲ, ಮಾತು ಸಾಗಿತ್ತು. ಮೊದಲ ಕೆಲವನ್ನು ಕಂಡಿ ಪೂರ್ತಿ ತೆರೆದು, ಎಫ್ 1.8ರಲ್ಲಿ ತೆಗೆದೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗುವ ಆಳ ಸುಮಾರು ನಾಲ್ಕು ಸೆಂಟಿಮೀಟರು. ಮೂಗುತಿ ಹೊಳೆಯಿತು, ಕಣ್ಣು ಮಂಜಾಯಿತು. ಎಫ್ 4ಕ್ಕೆ ಇಳಿಸಿ, ಹತ್ತಿರದ ಕಣ್ಣಿನ ಮೇಲೆ ಗುರಿಯಿಟ್ಟು, 125ರ ಒಂದು ಭಾಗದಲ್ಲಿ ಮತ್ತೆ ತೆಗೆದೆ. ಕಿಟಕಿಯ ಬೆಳಕು ಪಕ್ಕದಿಂದ ಬರುತ್ತಿತ್ತು, ಸೋಮನಾಥಪುರದ ಎಳೆಬಿಸಿಲಿನಂತೆ. ಸುಕ್ಕುಗಳು ಒಂದೊಂದಾಗಿ ಎದ್ದು ಬಂದವು.

ಮನೆಯಾಕೆಗೆ ಈಗ ಉತ್ತರ ಕೊಡಬಲ್ಲೆ. ಫೋನಿನಲ್ಲೂ ಆಗುತ್ತಿತ್ತು, ಎರಡು ಹೆಜ್ಜೆ ಹಿಂದೆ ಸರಿದು, ಎದುರಿಗೆ ಕುಳಿತು ಕೇಳಿದ್ದರೆ. ಮೂರು ಲೆನ್ಸುಗಳ ಮಾತು ಹೇಗೂ ಹೊರಬಿದ್ದಿದೆ. ನಿಮ್ಮ ಮನೆಯಲ್ಲೂ ಕಾಳುಮೆಣಸಿನಷ್ಟಾಗಿ ಉಳಿಯಬಹುದಾದವರು ಯಾರಾದರೂ ಇದ್ದರೆ, ಯಾವ ಲೆನ್ಸು ಕೊಳ್ಳಲಿ ಎಂದು ಕೇಳುತ್ತ ನನ್ನಂತೆ ವರ್ಷಗಳನ್ನು ಕಳೆಯಬೇಡಿ.

ಆ ಸುಂದರ ಪುರುಷ ಈಗ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡಿದ್ದಾನೆ. ಇಷ್ಟು ದಿನ ನಮಸ್ಕಾರ ಮಾಡಿಸಿಕೊಂಡವನನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ನಲವತ್ತೆರಡು ಜನರ ಹಳೆಯ ಫೋಟೋಕ್ಕೆ ಕಟ್ಟು ಹಾಕಿಸಿ, ಅಮ್ಮನ ಕಣ್ಣಿಗೆ ಸರಿಸಮ ಎತ್ತರದಲ್ಲಿ ಮೊಳೆ ಹೊಡೆದಿದ್ದೇನೆ. ಹೂವು ನಲವತ್ತೆರಡು ಜನಕ್ಕೂ ಸಲ್ಲುತ್ತದೆ.

ಅಮ್ಮನ ಪಟವನ್ನು ಅಚ್ಚು ಹಾಕಿಸಿ ತಂದು ಕೈಗಿಟ್ಟೆ. ಹತ್ತಿರ ಹಿಡಿದು ನೋಡಿದಳು. ಸುಕ್ಕಿನ ಮೇಲೆ ಬೆರಳಾಡಿಸಿದಳು. ಮೂಗಿನ ದೂರು ಬಂದೀತೆಂದು ನಾನು ಕಾದಿದ್ದೆ.

“ಹೂಂ, ನಾನೇ ಕಣೋ ಇದು,” ಎಂದಳು.