ಅಲೆಗಳ ಹದ

ರೌಟರಿನ ‘ಅಡ್ವಾನ್ಸ್ಡ್’ ಪುಟದಲ್ಲಿರುವ ಸೆಟ್ಟಿಂಗುಗಳನ್ನು ಬಹುಜನರು ಒಮ್ಮೆಯೂ ತೆರೆದು ನೋಡುವುದಿಲ್ಲ. ನನಗಾದರೋ, ಸಂಜೆಯ ಬಿಡುವಿನಲ್ಲಿ ಅವುಗಳ ಮುಂದೆ ಕುಳಿತು ಒಂದೊಂದನ್ನೇ ಹದಗೊಳಿಸುವುದಕ್ಕಿಂತ ಮಿಗಿಲಾದ ವಿನೋದವಿಲ್ಲ. ನಮ್ಮ ಮಳಖೇಡದಲ್ಲಿ ಈ ವಿನೋದಕ್ಕೆ ತಕ್ಕ ಎದುರಾಳಿಯೂ ಉಂಟು. ಕಾಗಿಣಾ ತೀರದ ಈ ಸೀಮೆಯ ನೆಲದಡಿಯೆಲ್ಲ ಸುಣ್ಣದಕಲ್ಲು. ಶಹಾಬಾದಿ ಫರಸಿಯೆಂದು ಹೆಸರಾದ ಆ ಕಲ್ಲೇ ಹಳೆಯ ಮನೆಗಳ ಹಾಸು, ಗೋಡೆ, ಕೆಲವೆಡೆ ಛಾವಣಿ. ಬೇಸಗೆಯ ಬಿಸಿಲನ್ನು ಹೊರಗೇ ನಿಲ್ಲಿಸುವ ಆ ದಪ್ಪ ಗೋಡೆ ಒಳಗಿನ ವೈಫೈ ಅಲೆಯನ್ನೂ ಅಷ್ಟೇ ನಿಷ್ಠುರವಾಗಿ ತಡೆಯುತ್ತದೆ. ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ 2.4 ಗಿಗಾಹರ್ಟ್ಸ್ ಅಲೆ ಹೇಗೋ ಅಡುಗೆಮನೆಯನ್ನು ಮುಟ್ಟಿದರೆ, ಅದರ ಅರ್ಧಕ್ಕಿಂತಲೂ ಕಿರಿದಾದ 5 ಗಿಗಾಹರ್ಟ್ಸ್ ಅಲೆ ಪಡಸಾಲೆಯಲ್ಲಿ ಅತಿವೇಗದಿಂದ ಮಾಹಿತಿಯನ್ನು ಸಾಗಿಸಿಯೂ ಮೊದಲನೆಯ ಗೋಡೆಯಲ್ಲಿಯೇ ಬಹುಪಾಲು ಸೋತುಹೋಗುತ್ತದೆ.

ನಮ್ಮ ದೇಶದಲ್ಲಿ 2005ರಲ್ಲಿ ಲೈಸೆನ್ಸಿನ ಬಂಧನದಿಂದ ಮುಕ್ತವಾದ 2.4ರ ಪಟ್ಟಿಯಲ್ಲಿ ಚಾನೆಲುಗಳು ಹದಿಮೂರಿದ್ದರೂ, ಅವುಗಳ ನಡುವಣ ಅಂತರ 5 ಮೆಗಾಹರ್ಟ್ಸ್, ಒಂದೊಂದರ ಅಗಲವಾದರೋ 20. ಆದಕಾರಣ ಒಂದನ್ನೊಂದು ತಾಗದೆ ಒಟ್ಟಿಗೆ ಬಾಳಲೆಂದು ಸಾಮಾನ್ಯವಾಗಿ ಆರಿಸಿಕೊಳ್ಳುವುದು 1, 6, 11 ಎಂಬ ಮೂರನ್ನು. ಇಲ್ಲಿಯ ಸೂಕ್ಷ್ಮವೊಂದು ನನಗೆ ಬಲು ಪ್ರಿಯ. ನೆರೆಮನೆಯವರ ರೌಟರು 6ರಲ್ಲಿದ್ದರೆ, ನಾವೂ 6ರಲ್ಲಿರುವುದು 4ರಲ್ಲಿರುವುದಕ್ಕಿಂತ ಲೇಸು. ಒಂದೇ ಚಾನೆಲಿನಲ್ಲಿರುವವು ಪರಸ್ಪರರ ಮಾತನ್ನು ಆಲಿಸಿ ಸರದಿಗಾಗಿ ಕಾಯುತ್ತವೆ, ಅರೆಬರೆ ತಾಗುವವುಗಳಿಗೆ ಒಂದರ ಮಾತು ಮತ್ತೊಂದಕ್ಕೆ ಬರಿಯ ಗದ್ದಲ. ಅಗಲವನ್ನು 40ಕ್ಕೆ ಹೆಚ್ಚಿಸುವುದು ಒಂಟಿ ತೋಟದ ಮನೆಯಲ್ಲಿ ಗುಣ, ಕಿಕ್ಕಿರಿದ ಓಣಿಯಲ್ಲಿ ದೋಷ. ಕಾವ್ಯದ ಗುಣದೋಷಗಳನ್ನು ವಿವೇಚಿಸಿದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಚಿತವಾದದ್ದು ಹಿಂದೆ ಮಾನ್ಯಖೇಟವೆನಿಸಿದ್ದ ಇದೇ ಮಳಖೇಡದ ಆಸ್ಥಾನದಲ್ಲಿ. ಸ್ಥಳವರಿತು ನಿರ್ಣಯಿಸುವ ಆ ವಿವೇಕವು ಈ ಚಿಕ್ಕ ಪೆಟ್ಟಿಗೆಗೂ ಸಲ್ಲತಕ್ಕದ್ದೆಂದು ನಾನು ನಂಬಿದ್ದೇನೆ.

ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮೊಬೈಲನ್ನು ತೆರೆದರೆ ಓಣಿಯ ವೈಫೈಗಳ ಹೆಸರುಗಳೆಲ್ಲ ಸಾಲುಗಟ್ಟುತ್ತವೆ. ಪಡಸಾಲೆಗಿಳಿದರೆ ಒಂದೆರಡು ಮಾತ್ರ ಉಳಿಯುತ್ತವೆ. ನಮ್ಮ ಅಲೆಯನ್ನು ತಡೆಯುವ ಗೋಡೆಯೇ ಪರರ ಗದ್ದಲವನ್ನೂ ತಡೆದು ಉಪಕರಿಸುತ್ತದೆ. ಆದುದರಿಂದ ಚಾನೆಲನ್ನು ಆರಿಸಬೇಕಾದದ್ದು ನಾವು ಕುಳಿತು ಕೆಲಸಮಾಡುವ ಜಾಗದಲ್ಲಿ ಕಂಡ ಪಟ್ಟಿಯಿಂದ.

ಪ್ರಸರಣಶಕ್ತಿಯ ಸೆಟ್ಟಿಂಗನ್ನು ತುತ್ತತುದಿಗೆ ಏರಿಸುವ ಆಸೆ ಎಲ್ಲರಿಗೂ ಸಹಜ. ರೌಟರಿನ ದನಿ ಹೆಚ್ಚಿದರೂ ಮೊಬೈಲಿನ ದನಿ ಇದ್ದಷ್ಟೇ ಇರುವುದರಿಂದ, ಮೊಬೈಲು ಕೇಳಿಸಿಕೊಂಡೀತು, ಅದರ ಮರುನುಡಿ ಮಾತ್ರ ತಲುಪಲಾರದು. ಅದಕ್ಕಿಂತ, ಮೂರು ಕಡೆ ಕಲ್ಲಿರುವ ಗೋಡೆಯ ಗೂಡಿನಿಂದ ರೌಟರನ್ನು ತೆಗೆದು ಎರಡು ಬಾಗಿಲುಗಳ ನೇರಕ್ಕೆ, ಆಳೆತ್ತರದಲ್ಲಿ ಕೂರಿಸುವುದು ಮೇಲು. ಹಾಗೆ ಮಾಡಿದಾಗ ಹಿಂದಿನ ಕೋಣೆಯಲ್ಲಿ ಮೈನಸ್ 80 ಡಿಬಿಎಂ ಆಸುಪಾಸಿನಲ್ಲಿ ತಡವರಿಸುತ್ತಿದ್ದ ಸಿಗ್ನಲು ಮೈನಸ್ 65ಕ್ಕೆ ಏರಿದ್ದನ್ನು ಕಂಡು ನನಗಾದ ಸಂತೋಷ ಸಾಮಾನ್ಯವಾದುದಲ್ಲ.

ಸೆಕೆಂಡಿಗೆ ಸುಮಾರು ಹತ್ತು ಬಾರಿ ರೌಟರು ತನ್ನ ಇರವನ್ನು ಸಾರುವ ಬೀಕನ್ ಅವಧಿ, ಆರ್‌ಟಿಎಸ್ ಮಿತಿ ಮೊದಲಾದವುಗಳನ್ನು ತಿಳಿದುಕೊಳ್ಳುವುದರಲ್ಲಿ ಆನಂದವಿದೆ, ಕಾರಣವಿಲ್ಲದೆ ಬದಲಿಸುವುದರಲ್ಲಿಲ್ಲ. ಈ ಪುಟವನ್ನು ತೆರೆಯುವವರಲ್ಲಿ ನನ್ನ ವಿನಂತಿಯಿಷ್ಟೆ: ಮೊದಲು ಹಳೆಯ ಅಂಕೆಯನ್ನು ಬರೆದಿಟ್ಟುಕೊಳ್ಳಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ, ಒಂದು ದಿನ ಬಳಸಿ ನೋಡಿದ ಮೇಲೆಯೇ ಮತ್ತೊಂದಕ್ಕೆ ಕೈಹಾಕಿರಿ.