ಆಯ್ಲ, ಆಯ್ತ್, ಸಾಕ್

ನಾವು ಕುಂದಾಪುರದ ಕಡೆಯವರು ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ, ‘ಘೀ ರೋಸ್ಟ್ ಮಾಡ್ಲಿಕ್ಕೆ ಬರುತ್ತಾ?’ ಬರುವುದಿಲ್ಲ ಅಂದರೆ ನಂಬುವುದಿಲ್ಲ. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಿಂದ ಹೆಸರಾಗಿ ಮುಂಬೈವರೆಗೆ ಹೋದ ಆ ಪದಾರ್ಥ ನಮಗೂ ಇಷ್ಟವೇ. ಆದರೆ ಅದನ್ನು ತಿನ್ನಬೇಕು ಅನ್ನಿಸಿದರೆ ಹೋಟೆಲಿಗೆ ಹೋಗುತ್ತೇವೆ. ಕೋಟೇಶ್ವರದ ನಮ್ಮ ಮನೆಯಲ್ಲಿ ಕೋಳಿ ಅಂದರೆ ಸಾರು. ಹುರಿದ ಮಸಾಲೆ, ಕಡೆದ ಕಾಯಿ, ಕೊನೆಗೆ ಕಾಯಿಹಾಲು. ಪಕ್ಕದಲ್ಲಿ ನೀರುದೋಸೆ, ಇಲ್ಲವೇ ಗರಿಗರಿ ಕೋಳಿ ರೊಟ್ಟಿ.

ಈ ಸಾರನ್ನು ಮನೆಯಲ್ಲಿ ಅಮ್ಮ ಒಬ್ಬಳೇ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ, ಕೋಟಿಲಿಂಗೇಶ್ವರನ ಕೊಡಿ ಹಬ್ಬ ಕಳೆದು ಹತ್ತು ದಿನಕ್ಕೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ತೇರಿನ ದಿನ ತಂದ ಕಬ್ಬಿನ ಕೊಡಿ ಇನ್ನೂ ಬಾಗಿಲ ಬದಿಯಲ್ಲೇ ಇತ್ತು. ಬಲಗೈ ಸೋತಿತು, ಮಾತು ನಿಂತಿತು. ಮೂರು ತಿಂಗಳಾದ ಮೇಲೆ ಒಂದೊಂದೇ ಶಬ್ದ ವಾಪಸು ಬಂತು. ಗಟ್ಟಿಯಾಗಿ, ಸ್ಪಷ್ಟವಾಗಿ ಬಂದದ್ದು ಮೂರೇ: ಆಯ್ಲ, ಆಯ್ತ್, ಸಾಕ್. ಕುಂದಾಪ್ರ ಕನ್ನಡ ತಿಳಿಯದವರಿಗೆ ಹೇಳುವುದಾದರೆ ‘ಆಯ್ಲ’ ಅಂದರೆ ಇನ್ನೂ ಆಗಿಲ್ಲ. ಶಬ್ದದ ಬಾಲ ಕತ್ತರಿಸುವ ನಮ್ಮ ಭಾಷೆಯನ್ನು ಹೊರಗಿನವರು ನಗಾಡುವುದುಂಟು. ನಮ್ಮ ಮನೆಯಲ್ಲಿ ಆ ಗಿಡ್ಡ ಶಬ್ದಗಳೇ ಕೈಹಿಡಿದವು.

ನಾವು ಮೂವರು ಮಕ್ಕಳು. ದೊಡ್ಡವಳು ಮದುವೆಯಾಗಿ ಬೈಂದೂರಿನಲ್ಲಿದ್ದಾಳೆ. ಉಳಿದಿಬ್ಬರು ಮನೆಯಲ್ಲೇ. ಅಮ್ಮ ಅಡುಗೆಮನೆ ಕಡೆ ತಲೆಹಾಕುವುದನ್ನೇ ಬಿಟ್ಟಾಗ ನಮಗೆ ಹೆದರಿಕೆಯಾಯಿತು. ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಕೊಟ್ಟದ್ದನ್ನು ತಿನ್ನುತ್ತಿದ್ದಳು, ಬೇಕು ಅಂತ ಯಾವುದನ್ನೂ ಕೇಳುತ್ತಿರಲಿಲ್ಲ. ಒಂದು ಭಾನುವಾರ ಅಪ್ಪಯ್ಯ ಒಂದು ಕೆಜಿ ಕೋಳಿ ತಂದು, ಪ್ಲಾಸ್ಟಿಕ್ ಕುರ್ಚಿಯನ್ನು ಒಲೆಯಿಂದ ನಾಲ್ಕಡಿ ದೂರ ಇಟ್ಟು, ಅಮ್ಮನನ್ನು ಹಿಡಿದುಕೊಂಡು ಬಂದು ಕೂರಿಸಿದರು. ‘ಇವ್ರಿಗ್ ಬತ್ತಿಲ್ಲ, ನೀನೇ ಹೇಳ್’ ಅಂದರು.

ಮಸಾಲೆ ಹುರಿಯುವುದರಿಂದ ಶುರು. ಹದಿನೈದು ಬ್ಯಾಡಗಿ ಮೆಣಸು, ಮೂರು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು, ಕಾಲು ಚಮಚ ಮೆಂತೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಹೆಚ್ಚು, ಖಾರ ಕಡಿಮೆ. ಸಾರು ಕೆಂಪಗೆ ಕಂಡರೂ ನಾಲಿಗೆ ಉರಿಯದಿರುವ ಗುಟ್ಟು ಅದೇ. ಖಾರಕ್ಕೆ ಕಾಳುಮೆಣಸು ಇದೆಯಲ್ಲ.

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯುವಂತಿಲ್ಲ. ಮೆಣಸು ಗರಿಯಾಗುವಷ್ಟರಲ್ಲಿ ಮೆಂತೆ ಕರಿದಾಗಿ ಸಾರು ಕಹಿಯಾಗುತ್ತದೆ. ಹಾಗಾಗಿ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟು ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿಯಬೇಕು. ಎಷ್ಟು ಹೊತ್ತು? ಯೂಟ್ಯೂಬಿನವರು ಎರಡು ನಿಮಿಷ ಅನ್ನುತ್ತಾರೆ. ಎರಡು ನಿಮಿಷಕ್ಕೆ ಕೊತ್ತಂಬರಿ ಇಳಿಸಲು ಹೋದಾಗ ಹಿಂದಿನಿಂದ ದನಿ ಬಂತು: ‘ಆಯ್ಲ.’ ಅವಳು ಕೂತಲ್ಲಿಂದ ಬಾಣಲೆಯ ತಳ ಕಾಣುವುದಿಲ್ಲ. ಮೂಗಿನಲ್ಲೇ ಲೆಕ್ಕ. ಇನ್ನೂ ಅರ್ಧ ನಿಮಿಷ ಕಳೆದು, ಹಸಿ ವಾಸನೆ ಹೋಗಿ ಹುರಿದ ಪರಿಮಳ ಎದ್ದ ಗಳಿಗೆಗೆ ‘ಆಯ್ತ್’ ಅಂದಳು. ನಮಗೆ ಆ ವ್ಯತ್ಯಾಸ ಗೊತ್ತಾಗಲು ನಾಲ್ಕು ಭಾನುವಾರ ಬೇಕಾದವು.

ಕಾಯಿ ಎರಡು. ಒಂದರ ಅರ್ಧ ಮಸಾಲೆಗೆ, ಉಳಿದ ಒಂದೂವರೆ ಹಾಲಿಗೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ಒಂದೇ ಸಾಕು ಅಂತ ನೋಡಿದೆವು. ಮನೆ ಹಿಂದೆ ಮರ ಇದ್ದರೂ ಮಂಗಗಳು ಬಿಟ್ಟದ್ದಷ್ಟೇ ನಮಗೆ. ಅಮ್ಮ ಏನೂ ಅನ್ನಲಿಲ್ಲ, ಎಡಗೈ ಎತ್ತಿ ಎರಡು ಬೆರಳು ತೋರಿಸಿದಳು.

ಹುರಿದದ್ದಕ್ಕೆ ಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಅರಿಶಿನ, ಸ್ವಲ್ಪ ಹುಳಿ ಸೇರಿಸಿ ಬೆಣ್ಣೆಯ ಹಾಗೆ ಕಡೆಯಬೇಕು. ಕಡೆಯುವ ಕಲ್ಲು ಮೂಲೆ ಸೇರಿದೆ, ಈಗ ಮಿಕ್ಸಿ. ನೀರುಳ್ಳಿ ಬಾಡಿಸಿ, ಕೋಳಿ ಹಾಕಿ, ಎರಡನೇ ಹಾಲಿನಲ್ಲಿ ಬೇಯಿಸುವುದು. ಮಾಂಸ ಮೆತ್ತಗಾದ ಮೇಲೆ ಮಸಾಲೆ ಹಾಕಿ ಚೆನ್ನಾಗಿ ಕುದಿಸುವುದು. ದಪ್ಪನೆಯ ಮೊದಲ ಹಾಲು ಕೊಟ್ಟಕೊನೆಗೆ. ಅದು ಬಿದ್ದ ಮೇಲೆ ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಒಲೆ ಆರಿಸಬೇಕು. ಕಾಯಿಹಾಲಿನಲ್ಲಿ ಎಣ್ಣೆಯ ಸಣ್ಣ ಹನಿಗಳನ್ನು ಹಿಡಿದಿಡುವುದು ಅದರ ಪ್ರೋಟೀನು. ಜೋರು ಕುದಿಗೆ ಅದು ಹೆಪ್ಪುಗಟ್ಟಿ ಹಾಲು ಒಡೆಯುತ್ತದೆ. ಅಮ್ಮನಿಗೆ ಈ ವಿಜ್ಞಾನ ಯಾರೂ ಹೇಳಿದ್ದಲ್ಲ. ಕುದಿಯ ಸದ್ದು ದಪ್ಪಗಾಗುವ ಮೊದಲೇ ‘ಸಾಕ್’ ಅನ್ನುತ್ತಾಳೆ.

ಇಲ್ಲಿಯವರೆಗೆ ಜಗಳ ಇರಲಿಲ್ಲ. ಜಗಳ ಬಂದದ್ದು ಉಪ್ಪಿನಲ್ಲಿ.

ಅಮ್ಮನ ಬಿಪಿ ಏರುತ್ತದೆ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಸಾರು, ಒಣಮೀನು, ಉಪ್ಪಿನಕಾಯಿಯ ಊಟದಲ್ಲಿ ಅದು ಬೆಳಗಿನ ಗಂಜಿಗೇ ಮುಗಿದುಹೋಗುತ್ತದೆ. ನಾವು ಅರ್ಧ ಉಪ್ಪು ಹಾಕಿ ಸೌಟಿನಲ್ಲಿ ರುಚಿಗೆ ಕೊಟ್ಟೆವು. ‘ಆಯ್ಲ.’ ಇಷ್ಟೇ ಸಾಕಮ್ಮ ಅಂದೆವು. ‘ಆಯ್ಲ.’ ಮೂರನೇ ಸಲ ಕುರ್ಚಿಯ ಕೈಗೆ ಎಡಗೈಯಿಂದ ಗುದ್ದಿ ಹೇಳಿದಳು. ಅಪ್ಪಯ್ಯ ಉಪ್ಪಿನ ಭರಣಿ ಹಿಡಿದು ಸುಮ್ಮನೆ ನಿಂತರು.

ಮೂವತ್ತೈದು ವರ್ಷ ಈ ಮನೆಯ ಉಪ್ಪನ್ನು ನಿರ್ಧರಿಸಿದವಳು ಅವಳು. ಕುರ್ಚಿಯಲ್ಲಿ ಕೂರಿಸಿ, ನೀನೇ ಹೇಳು ಅಂದದ್ದು ನಾವು. ಹೇಳಿದಾಗ ಕೇಳುವುದಿಲ್ಲ ಅಂದರೆ ಆ ಕುರ್ಚಿಗೆ ಅರ್ಥವೇನು? ಕೇಳಿದರೆ ಅವಳ ಜೀವದ ಪ್ರಶ್ನೆ. ಭರಣಿಯನ್ನು ಕಪಾಟಿನೊಳಗೆ ಇಟ್ಟೆವು. ಅವಳು ಆ ದಿನ ಎರಡು ತುತ್ತು ತಿಂದು ಬಟ್ಟಲು ದೂಡಿದಳು.

ಮುಂದಿನ ವಾರ ಹುಳಿ ಸ್ವಲ್ಪ ಹೆಚ್ಚು ಮಾಡಿದೆವು, ಕಾಳುಮೆಣಸು ಒಂದೂವರೆ ಚಮಚ ಹಾಕಿದೆವು. ಹುಳಿ, ಖಾರ ಎದ್ದು ನಿಂತರೆ ಉಪ್ಪಿನ ಕೊರತೆ ಅಷ್ಟು ಕಾಣುವುದಿಲ್ಲ. ಸೌಟು ಚಾಚಿದೆವು. ಅಮ್ಮ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು. ನಮ್ಮ ಮುಖ ನೋಡಿದಳು. ಮೋಸ ಅವಳಿಗೆ ಗೊತ್ತಾಗಿದೆ ಎಂಬುದು ನಮಗೂ ಗೊತ್ತಾಯಿತು. ‘ಸಾಕ್’ ಅಂದಳು. ಉಪ್ಪು ಸಾಕು ಅಂದಳೋ, ನಿಮ್ಮ ಆಟ ಸಾಕು ಅಂದಳೋ, ಇವತ್ತಿಗೂ ನಮ್ಮ ಮೂವರಲ್ಲಿ ಒಮ್ಮತವಿಲ್ಲ. ಎರಡು ನೀರುದೋಸೆ ತಿಂದಳು, ಮೂರನೆಯದಕ್ಕೆ ಕೈ ಚಾಚಿದಳು.

ಈಗ ಭಾನುವಾರ ಯಾರೂ ಕರೆಯಬೇಕಾಗಿಲ್ಲ. ಹನ್ನೊಂದು ಗಂಟೆಗೆ ಗೋಡೆ ಹಿಡಿದು ತಾನೇ ಬಂದು ಕೂರುತ್ತಾಳೆ. ದೊಡ್ಡವಳು ಬೈಂದೂರಿಗೆ ಒಂದು ಡಬ್ಬಿ ಮಸಾಲೆ ಒಯ್ಯುತ್ತಾಳೆ. ಮುಚ್ಚಳದ ಮೇಲೆ ಅಳತೆ ಬರೆದು ಅಂಟಿಸಿದ್ದೇವೆ: ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು. ಹುರಿಯುವ ಹೊತ್ತಿನ ಜಾಗದಲ್ಲಿ ನಿಮಿಷ ಬರೆದಿಲ್ಲ, ‘ಆಯ್ತ್ ಅನ್ನುವವರೆಗೆ’ ಎಂದಷ್ಟೇ ಬರೆದಿದ್ದೇವೆ. ಕಳೆದ ವಾರ ಅವಳು ಬೈಂದೂರಿನಿಂದ ವಿಡಿಯೋ ಕಾಲ್ ಮಾಡಿ ಬಾಣಲೆ ತೋರಿಸಿದಳು. ಅಮ್ಮ ಫೋನನ್ನು ಮೂಗಿನ ಹತ್ತಿರ ತಂದು ನೋಡಿ, ತಲೆಯಾಡಿಸಿ, ನಮಗೇ ವಾಪಸು ಕೊಟ್ಟಳು.