ಕಠ್ಮಂಡುವಿನಲ್ಲಿ ಒಂದು ಬೇಸಿಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅವಳ ಮಗಳಿಗೆ ಕಾಲೇಜಿನ ರಜೆ ಬರುತ್ತದಂತೆ. ನೇಪಾಳದ ಯಾವುದಾದರೂ ಅನಾಥಾಲಯದಲ್ಲಿ ಒಂದು ತಿಂಗಳು ಸೇವೆ ಮಾಡಿ ಬರಬೇಕೆಂಬ ಆಸೆಯಂತೆ. “ನೀವು ಹೋಗಿದ್ದಿರಲ್ಲ ಟೀಚರ್, ಅಲ್ಲಿಯ ವಿಳಾಸ ಕೊಡಿ” ಎಂದಳು. “ಆಮೇಲೆ ಹೇಳುತ್ತೇನೆ ಕಣೇ” ಎಂದು ಮಾತು ಹಾರಿಸಿದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅಲ್ಲದೆ ಆ ಬೇಸಿಗೆಯ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ನಾನು ಒಂದು ಲೆಕ್ಕ ಒಪ್ಪಿಸುವುದು ಬಾಕಿಯಿದೆ. ಇಷ್ಟು ವರ್ಷ ಅದನ್ನು ಮುಂದೂಡುತ್ತಲೇ ಬಂದೆ.

2011ರಲ್ಲಿ ನಿವೃತ್ತಳಾದ ಮೇಲೆ ಬೆಳಗಿನ ಒಂಬತ್ತೂವರೆಯಾದರೆ ಸಾಕು, ಕೈಕಾಲು ಚಡಪಡಿಸುತ್ತಿದ್ದವು. ಪ್ರಾರ್ಥನೆಯ ಗಂಟೆ ಕಿವಿಯಲ್ಲಿ ಬಾರಿಸಿದಂತಾಗುತ್ತಿತ್ತು. ನನ್ನ ಅವಸ್ಥೆ ನೋಡಲಾರದೆ ಮೈದುನನ ಮಗ ಅಂತರಜಾಲದಲ್ಲಿ ಹುಡುಕಿ, ಸ್ವಯಂಸೇವಕರನ್ನು ನೇಪಾಳದ ಮಕ್ಕಳ ಮನೆಗಳಿಗೆ ಕಳಿಸುವ ಸಂಸ್ಥೆಯೊಂದನ್ನು ಗೊತ್ತುಮಾಡಿಕೊಟ್ಟ. ವಾರಕ್ಕೆ ಇಷ್ಟು ಡಾಲರ್ ಎಂದು ನಾವೇ ಕಟ್ಟಬೇಕಿತ್ತು. “ಸೇವೆ ಮಾಡುವುದಕ್ಕೂ ಫೀಜೇನೆ?” ಎಂದು ನಮ್ಮ ಯಜಮಾನರು ನಕ್ಕರು. ಊಟ ವಸತಿಯ ಖರ್ಚು ಇರುತ್ತದಲ್ಲ ಎಂದು ನಾನು ವಾದಿಸಿದೆ.

2012ರ ಏಪ್ರಿಲ್ ನಡುವಿನಲ್ಲಿ ದೆಹಲಿಯ ಮೂಲಕ ಕಠ್ಮಂಡುವಿಗೆ ಇಳಿದೆ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಮತದಾರರ ಗುರುತಿನ ಚೀಟಿಯೇ ಸಾಕು. ಅವರ 2069ನೇ ವರ್ಷ ಹುಟ್ಟಿ ನಾಲ್ಕೇ ದಿನವಾಗಿತ್ತು. ಅವರ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ನಾನು ಎರಡು ತಿಂಗಳೂ ಕೈಗಡಿಯಾರ ತಿದ್ದಲಿಲ್ಲ, ಮನಸ್ಸಿನಲ್ಲೇ ಹದಿನೈದು ನಿಮಿಷ ಕೂಡಿಸಿಕೊಳ್ಳುತ್ತಿದ್ದೆ. ಗಣಿತದ ಟೀಚರಿಗೆ ಅಷ್ಟಾದರೂ ಕೆಲಸ ಬೇಡವೇ!

ಮಕ್ಕಳ ಮನೆ ಲಲಿತಪುರದ ಕಡೆ, ವರ್ತುಲ ರಸ್ತೆಯಿಂದ ಸ್ವಲ್ಪ ಒಳಗೆ, ಬಾಡಿಗೆಗೆ ಹಿಡಿದ ಮೂರು ಅಂತಸ್ತಿನ ಇಟ್ಟಿಗೆಯ ಕಟ್ಟಡ. ಐದರಿಂದ ಹದಿನೈದು ವರ್ಷದ ಇಪ್ಪತ್ತಮೂರು ಮಕ್ಕಳು. ಗೇಟು ತೆರೆದ ಕ್ಷಣ ಪುಟ್ಟ ಮಕ್ಕಳು ಓಡಿ ಬಂದು ನನ್ನ ಸೊಂಟ ತಬ್ಬಿದವು. ಒಂದು ಮಗು ನನ್ನ ಸೆರಗು ಹಿಡಿದು ಸಂಜೆಯವರೆಗೂ ಬಿಡಲಿಲ್ಲ. ಎಂಥ ಪ್ರೀತಿ ಎಂದು ಕಣ್ಣು ತುಂಬಿ ಬಂತು. ನಾನು ಅಲ್ಲಿಯೇ ಎಡವಿದ್ದು. ಮೂವತ್ತನಾಲ್ಕು ವರ್ಷ ಪಾಠ ಮಾಡಿದವಳು ನಾನು. ಒಂದನೆಯ ತರಗತಿಗೆ ಬರುವ ಮಗು ವಾರವಿಡೀ ತಾಯಿಯ ಸೆರಗಿನ ಹಿಂದೆ ಅಡಗಿ ಅಳುತ್ತದೆ, ಅಪರಿಚಿತರನ್ನು ಕಂಡರೆ ಮುಖ ತಿರುಗಿಸುತ್ತದೆ, ಅದೇ ಅದರ ಆರೋಗ್ಯದ ಲಕ್ಷಣ ಎಂಬುದನ್ನು ಬಲ್ಲವಳು. ಬಂದವರನ್ನೆಲ್ಲ ಮೊದಲ ನಿಮಿಷದಲ್ಲೇ ತಬ್ಬುವ ಮಗುವಿಗೆ ಏನೋ ಕಡಿಮೆಯಾಗಿದೆ ಎಂದು ನನಗೆ ಹೊಳೆಯಬೇಕಿತ್ತು. ತಾಯಿಯಿಂದ ಅಗಲಿ ಬೆಳೆದ ಮಕ್ಕಳ ಬಗ್ಗೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿ 1951ರಷ್ಟು ಹಿಂದೆಯೇ ಪ್ರಕಟವಾಗಿದೆ. ನಾನು ಅದರ ಬಗ್ಗೆ ಓದಿದ್ದು ಊರಿಗೆ ಹಿಂದಿರುಗಿದ ಮೇಲೆ.

ದಿನಚರಿ ಬೇಗ ಅಭ್ಯಾಸವಾಯಿತು. ಬೆಳಗ್ಗೆ ಚಹಾ, ಓದು, ಒಂಬತ್ತಕ್ಕೆ ಬೇಳೆ ಅನ್ನ, ಹತ್ತಕ್ಕೆ ಶಾಲೆ. ಸಂಜೆ ನಾಲ್ಕಕ್ಕೆ ‘ಖಾಜಾ’, ಅಂದರೆ ನಮ್ಮ ತಿಂಡಿ. ಅದರಲ್ಲಿ ಹೆಚ್ಚಾಗಿ ಅವಲಕ್ಕಿ. ಅವರದನ್ನು ‘ಚಿಉರಾ’ ಎನ್ನುತ್ತಾರೆ, ನೆನೆಸದೆ ಹಾಗೆಯೇ ಪಲ್ಯದ ಜೊತೆ ತಿನ್ನುತ್ತಾರೆ. ಒಂದು ಸಂಜೆ ನಾನು ನೆನೆಸಿ, ಸಾಸಿವೆ ಮೆಣಸಿನಕಾಯಿ ಹಾಕಿ ಒಗ್ಗರಣೆ ಅವಲಕ್ಕಿ ಮಾಡಿದೆ. ಅವಲಕ್ಕಿಯನ್ನು ಒದ್ದೆ ಮಾಡಿ ಕೆಡಿಸಿದಳೆಂದು ಮಕ್ಕಳು ಬಿದ್ದು ಬಿದ್ದು ನಕ್ಕವು. ಪಾತ್ರೆ ಮಾತ್ರ ಖಾಲಿಯಾಯಿತು. ವಿದ್ಯುತ್ ಯಾವ ದಿನ ಎಷ್ಟು ಹೊತ್ತು ಇರುವುದಿಲ್ಲ ಎಂಬ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಮೇಣದ ಬತ್ತಿಯ ಬೆಳಕಿನಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ನನ್ನ ಹಿಂದಿ, ಅವರ ನೇಪಾಳಿ, ಎರಡಕ್ಕೂ ಲಿಪಿ ಒಂದೇ ಆದದ್ದರಿಂದ ಬಚಾವು. ಹಿರಿಯ ಮಕ್ಕಳು ‘ಮಿಸ್’ ಎನ್ನುತ್ತಿದ್ದರು, ಕಿರಿಯವು ‘ಹಜುರ್ ಆಮಾ’, ಅಂದರೆ ಅಜ್ಜಿ. ನನಗೆ ಎರಡನೆಯದೇ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ವಾರದ ರಜೆ ಶನಿವಾರ. ಒಂದು ಶನಿವಾರ ಪಶುಪತಿನಾಥನ ದರ್ಶನಕ್ಕೆ ಹೋಗಿದ್ದೆ. ಅಲ್ಲಿ ಮೂಲಲಿಂಗವನ್ನು ಪೂಜಿಸುವ ಭಟ್ಟರು ನಮ್ಮ ಕರ್ನಾಟಕದ ಕಡೆಯಿಂದ ಹೋದವರು ಎಂಬುದು ನಿಮಗೆ ತಿಳಿದಿರಬಹುದು. ಉಳಿದ ಶನಿವಾರಗಳಂದು ನಮ್ಮ ಮನೆಗೇ ಜನ ಬರುತ್ತಿದ್ದರು. ಹುಟ್ಟುಹಬ್ಬದ ಕೇಕು ಹಿಡಿದು ಬರುವವರು, ಬಟ್ಟೆಯ ಗಂಟು ಹೊತ್ತು ಬರುವವರು. ಮಕ್ಕಳು ಸಾಲಾಗಿ ನಿಂತು ಹಾಡುತ್ತಿದ್ದರು, ಫೋಟೋ ತೆಗೆಯಲಾಗುತ್ತಿತ್ತು.

ನಾನೂ ತೆಗೆಸಿಕೊಂಡೆ. ಹನ್ನೊಂದು ವರ್ಷದ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಆ ಚಿತ್ರವನ್ನು ನಿಮ್ಮಲ್ಲಿ ಹಲವರಿಗೆ ಮಿಂಚಂಚೆಯಲ್ಲಿ ಕಳಿಸಿದ್ದೆ, ‘ತಂದೆತಾಯಿ ಇಬ್ಬರೂ ಇಲ್ಲದ ಕೂಸು’ ಎಂದು ಬರೆದು. ಮಕ್ಕಳಿಗೆ ಬೂಟು, ಚೀಲ ಕೊಡಿಸಲು ನೆರವು ಕೇಳಿದ್ದೆ. ನೀವು ಕೊಟ್ಟಿರಿ. ಒಟ್ಟು 38,000 ರೂಪಾಯಿ. ನಮ್ಮ ನೂರಕ್ಕೆ ಅವರ ನೂರಾ ಅರವತ್ತು, ಆದ್ದರಿಂದ 60,800 ನೇಪಾಳಿ ರೂಪಾಯಿ. ಅದರಲ್ಲಿ ಇಪ್ಪತ್ತಮೂರು ಜೊತೆ ಬೂಟು, ಅಷ್ಟೇ ಚೀಲ, ಸ್ವೆಟರು ಕೊಂಡೆವು. ಒಂದು ವಾರದ ನಂತರವೂ ಮಕ್ಕಳು ಹರಿದ ಚಪ್ಪಲಿಯಲ್ಲೇ ಶಾಲೆಗೆ ಹೊರಟಾಗ ಅಡುಗೆಯಾಕೆಯನ್ನು ಕೇಳಿದೆ. ಆಕೆ ಮಾತಾಡದೆ ಮಹಡಿಯ ಬೀರುವಿನತ್ತ ಕಣ್ಣು ತೋರಿಸಿದಳು. ಬೀಗ ಹಾಕಿತ್ತು.

ಆ ಹುಡುಗಿಯನ್ನು ಎಲ್ಲರೂ ‘ಮಾಯ್ಲಿ’ ಎಂದು ಕರೆಯುತ್ತಿದ್ದರು. ಅದು ಹೆಸರೆಂದೇ ನಾನು ತಿಳಿದಿದ್ದೆ. ಮೇ ತಿಂಗಳಲ್ಲಿ ಕಠ್ಮಂಡುವಿನಲ್ಲಿ ಬಂದ್ ಮೇಲೆ ಬಂದ್. ಸಂವಿಧಾನ ಬರೆಯಬೇಕಿದ್ದ ಸಭೆಯ ಅವಧಿ 27ಕ್ಕೆ ಮುಗಿಯುವುದಿತ್ತು. ಕೊನೆಗೆ ಬರೆಯದೆಯೇ ವಿಸರ್ಜನೆಯಾಯಿತು, ಸಂವಿಧಾನ ಬಂದದ್ದು 2015ರಲ್ಲಿ. ಅದಿರಲಿ. ಶಾಲೆಯಿಲ್ಲದ ಅಂಥದೊಂದು ಮಧ್ಯಾಹ್ನ ಮಕ್ಕಳಿಂದ ನೇಪಾಳಿ ಸಂಬಂಧವಾಚಕಗಳನ್ನು ಕಲಿಯುತ್ತಿದ್ದೆ. ಹಿರಿಮಗಳು ಜೇಠಿ, ಎರಡನೆಯವಳು ಮಾಯ್ಲಿ, ಮೂರನೆಯವಳು ಸಾಯ್ಲಿ, ಕಡೆಯವಳು ಕಾಂಛಿ. ನಮ್ಮಲ್ಲಿ ದೊಡ್ಡಕ್ಕ, ನಡುವಕ್ಕ ಎನ್ನುವುದಿಲ್ಲವೇ, ಹಾಗೆ. ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. “ನೀನು ಮಾಯ್ಲಿಯಾದರೆ ಜೇಠಿ ಎಲ್ಲಿ?” ಎಂದೆ.

ಹುಡುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, “ಮನೆಯಲ್ಲಿ” ಎಂದಳು.

ಮನೆ ಎಲ್ಲಿ ಎಂಬುದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಬೆನ್ನ ಮೇಲೆ ಪುಟ್ಟ ಚೀಲ ಹೊತ್ತ ಕುರಿಗಳು ಸಾಲಾಗಿ ಹೋಗುತ್ತಿದ್ದವು. ಕೆಳಗೆ ದೊಡ್ಡ ನದಿ. ಒಬ್ಬ ಮಾಮನ ಜೊತೆ ಎರಡು ದಿನ ನಡೆದು, ಪುಟ್ಟ ವಿಮಾನ ಹತ್ತಿ, ಮತ್ತೆ ಬಸ್ಸು ಹತ್ತಿ ಬಂದದ್ದು. ಹೊರಡುವಾಗ ಜೇಠಿ ಅವಳ ಅಂಗಿಯ ಜೇಬಿಗೆ ಅಕ್ರೋಟು ತುಂಬಿದ್ದಳು. ಅಕ್ಕನ ಮುಖ ನೆನಪಿದೆ, ತಾಯಿಯದು ಮೂಗುಬೊಟ್ಟು ಮಾತ್ರ ನೆನಪು. “ನಾಲ್ಕು ತಿಂಗಳು ಓದಿ ಬಾ” ಎಂದಿದ್ದರಂತೆ. ಬಂದು ಆರು ವರ್ಷವಾಗಿತ್ತು.

ಇದರ ಅರ್ಥ ಬಿಡಿಸಿ ಹೇಳಿದವರು ಆ ಮಕ್ಕಳ ಶಾಲೆಯ ಒಬ್ಬ ಶಿಕ್ಷಕಿ. ಕುರಿಗಳ ಮೇಲೆ ಉಪ್ಪು, ಧಾನ್ಯ ಹೇರುವ ಸೀಮೆ ಎಂದರೆ ಕರ್ಣಾಲಿಯ ಮೇಲಿನ ಹುಮ್ಲಾ. 1996ರಿಂದ 2006ರವರೆಗೆ ನಡೆದ ಅಂತರ್ಯುದ್ಧದಲ್ಲಿ ಮಾವೋವಾದಿಗಳು ಮನೆಮನೆಯ ಮಕ್ಕಳನ್ನು ಪಡೆಗೆ ಎಳೆದುಕೊಳ್ಳುವ ಭಯವಿತ್ತು. ಆ ಭಯವನ್ನೇ ಬಂಡವಾಳ ಮಾಡಿಕೊಂಡ ದಲ್ಲಾಳಿಗಳು ರಾಜಧಾನಿಯಲ್ಲಿ ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ಹೆತ್ತವರಿಂದ ಹಣ ಪಡೆದು ಮಕ್ಕಳನ್ನು ಕರೆತಂದರು. ಎಷ್ಟೋ ಮಕ್ಕಳ ಕಾಗದದಲ್ಲಿ ತಂದೆತಾಯಿ ಸತ್ತರೆಂದು ಬರೆಯಲಾಯಿತು. ನೇಪಾಳದ ಮಕ್ಕಳ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂಬುದು ಯುನಿಸೆಫ್ ಸಹ ಒಪ್ಪಿದ ಮಾತು. ಅಂಥ ಮನೆಗಳು ಹೆಚ್ಚಾಗಿರುವುದು ಬಡತನದ ಬೆಟ್ಟಗಳಲ್ಲಲ್ಲ. ಕಠ್ಮಂಡು ಕಣಿವೆ, ಪೋಖರಾ, ಚಿತವನಗಳಂಥ ಪ್ರವಾಸಿಗರು ಬರುವ ಕಡೆ. “ನೀವು ಬರುತ್ತೀರಲ್ಲ ಮಿಸ್, ಅದಕ್ಕೆ” ಎಂದರು ಆ ಶಿಕ್ಷಕಿ, ಕೊಂಕಿಲ್ಲದೆ.

ಮೇಲ್ವಿಚಾರಕರನ್ನು ಕೇಳಿಯೇಬಿಟ್ಟೆ. ಅವರು ಅಲ್ಲಗಳೆಯಲಿಲ್ಲ. “ಊರಿನಲ್ಲಿ ಇವಳಿಗೇನಿದೆ? ಇಲ್ಲಿ ಅನ್ನವಿದೆ, ಶಾಲೆಯಿದೆ. ತಾಯಿ ಇದ್ದಾಳೆಂದರೆ ನಿಮ್ಮ ಜನ ಹಣ ಕೊಡುತ್ತಾರೆಯೇ?” ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾನೇ ಎಷ್ಟು ಜನ ಹೆತ್ತವರಿಗೆ ಮಗುವನ್ನು ಹಾಸ್ಟೆಲಿಗೆ ಹಾಕಿ ಓದಿಸಿ ಎಂದು ಹೇಳಿಲ್ಲ! ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡಮಕ್ಕಳು ಉಂಡು ಓದುತ್ತಾರೆ. ಆದರೆ ಅವರು ರಜೆ ಬಂದರೆ ಊರಿಗೆ ಹೋಗುತ್ತಾರೆ. ಅವರ ತಂದೆತಾಯಿಯನ್ನು ಯಾರೂ ಕಾಗದದ ಮೇಲೆ ಕೊಲ್ಲುವುದಿಲ್ಲ. ಈ ಉತ್ತರ ನನಗೆ ಹೊಳೆದದ್ದು ರಾತ್ರಿ ಮಲಗಿದಾಗ.

ಇನ್ನೊಂದನ್ನು ಹೇಳಿಬಿಡಬೇಕು. ಆ ಮುಂದಿನ ಶನಿವಾರ ಬಂದ ದಂಪತಿಗಳಲ್ಲಿ ಹೆಂಗಸು ನನ್ನನ್ನು, “ಎಲ್ಲವೂ ಅನಾಥ ಮಕ್ಕಳೇ?” ಎಂದು ಹಿಂದಿಯಲ್ಲಿ ಕೇಳಿದಳು. ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದರು. ನಾನು ಹೌದೆಂದೆ. ಮಾಯ್ಲಿ ಲೋಟ ಎತ್ತಿಡುತ್ತಿದ್ದಳು. ಅವಳಿಗೆ ಹಿಂದಿ ಅರ್ಥವಾಗುತ್ತಿತ್ತು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆ ದಿನ ನನ್ನನ್ನು ಯಾರೂ ನಿಲ್ಲಿಸಲಿಲ್ಲ.

ಉಳಿದ ಮೂರು ವಾರಗಳಲ್ಲಿ ಮಾಡಿದ ಒಂದೇ ಉಪಯುಕ್ತ ಕೆಲಸವೆಂದರೆ ಒಂದು ನೂರು ಪುಟದ ನೋಟ್‌ಬುಕ್ಕು. ಸಂಜೆ ಗಣಿತದ ನೆಪದಲ್ಲಿ ಕೂತು ಮಾಯ್ಲಿ ತನಗೆ ನೆನಪಿದ್ದದ್ದನ್ನೆಲ್ಲ ನೇಪಾಳಿಯಲ್ಲಿ ಬರೆದಳು: ಅಪ್ಪನನ್ನು ಊರವರು ಕರೆಯುತ್ತಿದ್ದ ಬಗೆ, ಮನೆಯ ಹಿಂದಿನ ಅಕ್ರೋಟಿನ ಮರ, ಕಾಂಛಿ ಹುಟ್ಟಿದಾಗ ಹಿಮ ಬಿದ್ದದ್ದು. ಅದರ ಪ್ರತಿಯನ್ನು ಆ ಶಿಕ್ಷಕಿಯ ಕೈಗೆ ಕೊಟ್ಟೆ. ಇಂಥ ಮಕ್ಕಳ ಊರು ಹುಡುಕಲು ಬೆಟ್ಟ ಹತ್ತುತ್ತಿದ್ದ ಒಬ್ಬ ತರುಣನ ಪರಿಚಯ ಅವರಿಗಿತ್ತು. ಜೂನ್ ನಡುವಿನಲ್ಲಿ ಹೊರಟೆ. ಮಕ್ಕಳು ಹಣೆಗೆ ಕುಂಕುಮವಿಟ್ಟು ಹೂಮಾಲೆ ಹಾಕಿದವು. ಹೊರಡುವ ಪ್ರತಿಯೊಬ್ಬರಿಗೂ ಹಾಗೆ ಹಾಕಿ ಅವುಗಳ ಕೈ ಪಳಗಿತ್ತು. “ಬರುವ ಬೇಸಿಗೆಗೆ ಬರುತ್ತೇನೆ” ಎಂದು ಮಾಯ್ಲಿಗೆ ಮಾತು ಕೊಟ್ಟೆ. ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ. ಮರುವರ್ಷ ನಮ್ಮ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ನಾನು ಮತ್ತೆ ಹೋಗಲೇ ಇಲ್ಲ.

2013ರ ದಸರೆಯ ಹೊತ್ತಿಗೆ ಆ ಶಿಕ್ಷಕಿಯಿಂದ ಪತ್ರ ಬಂತು. ತಾಯಿ ಸಿಕ್ಕಿದ್ದಳು. ತಂದೆ ತೀರಿಕೊಂಡದ್ದು ಮಾತ್ರ ನಿಜವಾಗಿತ್ತು, ಅದೂ ಮಗಳನ್ನು ಕಳಿಸಿ ಮೂರು ವರ್ಷದ ಮೇಲೆ. ಹಬ್ಬಕ್ಕೆ ಮಾಯ್ಲಿಯನ್ನು ಕರೆದೊಯ್ದರಂತೆ. ಊರಿನ ಆಡುಮಾತು ಅವಳಿಗೆ ಮರೆತುಹೋಗಿತ್ತು. ಮೊದಲ ದಿನ ತಾಯಿಯೂ ಮಗಳೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರಂತೆ. ಎರಡನೆಯ ವಾರ ಅವಳು ಕಠ್ಮಂಡುವಿಗೆ ಹಿಂದಿರುಗುತ್ತೇನೆಂದು ಅತ್ತಳಂತೆ. ಕೊನೆಗೆ ಜಿಲ್ಲಾ ಕೇಂದ್ರ ಸಿಮಿಕೋಟದ ಶಾಲೆಗೆ ಸೇರಿ, ರಜೆಯಲ್ಲಿ ಮನೆಗೆ ಹೋಗುವ ಏರ್ಪಾಡಾಯಿತು. ಉಳಿದ ಇಪ್ಪತ್ತೆರಡು ಮಕ್ಕಳ ಪೈಕಿ ಐವರ ಊರು ಪತ್ತೆಯಾಗಿತ್ತು. ಮಿಕ್ಕವರ ಬಗ್ಗೆ ಅವರು ಬರೆಯಲಿಲ್ಲ.

2015ರ ಏಪ್ರಿಲ್ 25ರಂದು ಭೂಕಂಪವಾಯಿತು. 7.8ರ ತೀವ್ರತೆ, ಸುಮಾರು ಒಂಬತ್ತು ಸಾವಿರ ಸಾವು. ಅಂದು ಶನಿವಾರ, ಶಾಲೆಗಳು ಖಾಲಿಯಿದ್ದವು ಎಂಬುದೊಂದೇ ಸಮಾಧಾನ. ಮತ್ತೆ ದಲ್ಲಾಳಿಗಳು ಹಳ್ಳಿಗಳಿಗೆ ಹೊಕ್ಕಾರೆಂದು, ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯುವುದನ್ನು ಸರ್ಕಾರ ಆ ಬಾರಿ ನಿರ್ಬಂಧಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯಗಳ ಸ್ವಯಂಸೇವಾ ಪ್ರವಾಸದ ಅಪಾಯವನ್ನು ಹೆಸರಿಸಿ ಗೊತ್ತುವಳಿ ಮಾಡಿತು.

ನಿಮ್ಮ 38,000 ರೂಪಾಯಿಯ ಲೆಕ್ಕ ಇಷ್ಟು. ಹಿಂದಿರುಗಿಸಬೇಕೆನ್ನುವವರು ಸಂಕೋಚವಿಲ್ಲದೆ ತಿಳಿಸಿ. ವಿಳಾಸ ಕೇಳಿದವಳಿಗೆ ಮೊನ್ನೆ ಉತ್ತರ ಹೇಳಿದೆ: ಮಗಳನ್ನು ಒಂದು ತಿಂಗಳು ನಮ್ಮ ಊರಿನ ಸರ್ಕಾರಿ ಶಾಲೆಗೆ ಕಳಿಸು, ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡಲಿ, ಸಂಜೆ ಮಕ್ಕಳು ಅವರವರ ಮನೆಗೆ ಹೋಗುತ್ತವೆ. ಅವಳು ‘ಯೋಚಿಸುತ್ತೇನೆ ಟೀಚರ್’ ಎಂದಿದ್ದಾಳೆ. ಅರ್ಜಿಯಲ್ಲಿ ತೋರಿಸಲು ಅದು ಅಷ್ಟು ಚೆನ್ನಾಗಿರುವುದಿಲ್ಲವೇನೋ.

ಭೂಕಂಪವಾದ ಹತ್ತು ದಿನಕ್ಕೆ ಸಿಮಿಕೋಟದ ಒಂದು ಮೊಬೈಲ್ ಸಂಖ್ಯೆ ಸಿಕ್ಕಿತ್ತು. ನಾಲ್ಕನೆಯ ಸಲಕ್ಕೆ ಕರೆ ತಾಗಿತು. ಹದಿನಾಲ್ಕರ ಹುಡುಗಿಯ ದನಿ ಗುರುತೇ ಸಿಗದಷ್ಟು ಬದಲಾಗಿತ್ತು. “ಇಲ್ಲಿ ಏನೂ ಆಗಿಲ್ಲ ಮಿಸ್, ನೀವು ಹೇಗಿದ್ದೀರಿ?” ಎಂದಳು. ಹಜುರ್ ಆಮಾ ಎನ್ನಲಿಲ್ಲ. ಊರಿನಲ್ಲಿ ಅವಳ ಸ್ವಂತ ಅಜ್ಜಿ ಇದ್ದಾಳೆ. ಯಾಕೆ ಬರಲಿಲ್ಲ ಎಂದು ಕೇಳುತ್ತಾಳೇನೋ ಎಂದು ಕಾಯುತ್ತಿದ್ದೆ. ಕೇಳಲಿಲ್ಲ. ಜೇಠಿ ಬಂದಿದ್ದಾಳೆ, ಮಾತಾಡಿ ಎಂದು ಫೋನು ಅವಳ ಕೈಗೆ ಕೊಟ್ಟಳು. ಜೇಠಿಗೆ ಹಿಂದಿ ಬಾರದು, ನನಗೆ ಅವರ ಊರ ಮಾತು ಬಾರದು. “ನಮಸ್ತೆ” ಎಂದಳು, ನಾನೂ “ನಮಸ್ತೆ” ಎಂದೆ. ಅವಳ ಕಂಕುಳಲ್ಲಿ ಮಗುವೊಂದು ಜೋರಾಗಿ ಅಳುತ್ತಿತ್ತು.